ಇಪ್ಪತ್ತಮೂರನೆಯ ಕಾಗದ

ಆ ಭಾನುವಾರ ನಮ್ಮ ಮನೆಯಲ್ಲಿ ಯುದ್ಧ ನಡೆದಿತ್ತು.

ಗಾಬರಿಯಾಗಬೇಡಿ. ಹೊಸಮನೆ ಬಡಾವಣೆಯ ನಮ್ಮ ಮನೆಯಲ್ಲಿ ತಿಂಗಳಿಗೆ ಎರಡು ಭಾನುವಾರ ಯುದ್ಧ ನಡೆಯುವುದು ವಾಡಿಕೆಯೇ ಆಗಿತ್ತು. ಒಂದು ಕಡೆ ನಮ್ಮ ಯಜಮಾನರು, ಸೈನ್ಯದಿಂದ ಹವಾಲ್ದಾರರಾಗಿ ನಿವೃತ್ತರಾದವರು. ಇನ್ನೊಂದು ಕಡೆ ಅವರದೇ ತುಕಡಿಯಲ್ಲಿದ್ದ ಮುರುಗೇಶಣ್ಣ. ಭದ್ರಾವತಿಯವರು. ಮನೆಯಲ್ಲಿ ತಮಿಳು, ಬೀದಿಯಲ್ಲಿ ಕನ್ನಡ, ಸಿಟ್ಟು ಬಂದರೆ ಹಿಂದಿ. ಬೆಳಿಗ್ಗೆ ಬಸ್ಸಿಳಿದು ಬಂದು, ದೋಸೆಯ ತಟ್ಟೆ ಕೈಗೆ ಬಂದ ಕೂಡಲೇ ಶುರು. ಹನ್ನೊಂದು ವರ್ಷದಿಂದ ವಿಷಯ ಒಂದೇ. ಇವತ್ತಿನ ಯುದ್ಧ ಬೇರೆಯೋ, ಅಥವಾ ಹಿಂದಿನ ಯುದ್ಧವೇ ಹೊಸ ಅಂಗಿ ತೊಟ್ಟು ಬಂದಿದೆಯೋ?

"ಡ್ರೋನ್ ನೋಡಿದೀರಾ ಸಾರ್? ಒಳಗೆ ಮನುಷ್ಯನೇ ಇಲ್ಲ! ನಾವು ಮೂಟೆ ಹೊತ್ಕೊಂಡು ಬೆಟ್ಟ ಹತ್ತಿದ್ವಿ. ಈಗ ಎಸಿ ರೂಮಲ್ಲಿ ಕೂತು ಬಟನ್ ಒತ್ತೋದು."

"ಬಟನ್ ಒತ್ತೋನಿಗೆ ಮನೆ ಮಠ ಇಲ್ವಾ ಮಾರಾಯ?"

"ಪಾಯಿಂಟಿಗೆ ಬನ್ನಿ ಸಾರ್."

"ಅದೇ ನನ್ ಪಾಯಿಂಟು."

ಸೋತವರು ಎದ್ದು ನಿಂತು ಗೆದ್ದವರಿಗೆ ಸೆಲ್ಯೂಟ್ ಹೊಡೆಯಬೇಕು. ಇದು ಅವರಿಬ್ಬರೇ ಮಾಡಿಕೊಂಡ ನಿಯಮ. ಹನ್ನೊಂದು ವರ್ಷದಲ್ಲಿ ಒಬ್ಬರೂ ಹೊಡೆದಿರಲಿಲ್ಲ. ಅವತ್ತು ಯಜಮಾನರು, "ಮುಂದಿನ ಭಾನುವಾರ ಆಲ್ಕೊಳದಲ್ಲಿ ನಮ್ಮ ಮಾಜಿ ಸೈನಿಕರ ಮೀಟಿಂಗ್ ಇದೆಯಲ್ಲ, ಎಲ್ಲರೆದುರು ನಿನ್ ಹತ್ರ ಸೆಲ್ಯೂಟ್ ಹೊಡಿಸ್ತೀನಿ, ನೋಡ್ತಿರು" ಅಂದರು. ಇಬ್ಬರ ಗಲಾಟೆ ತಡೆಯಲಾರದೆ ನಾನು ಚಟ್ನಿಯ ಮಿಕ್ಸಿಯನ್ನು ಬೇಕೆಂದೇ ಎರಡು ಸಲ ಓಡಿಸಿದೆ. (ಒಂದು ಸಲ ಸಾಕಿತ್ತು ಅಂತ ಈಗ ಅನ್ನಿಸುತ್ತದೆ.)

ಮಂಗಳವಾರ ಬೆಳಿಗ್ಗೆ ವಾಕಿಂಗಿಗೆಂದು ಶೂ ಹಾಕಿಕೊಳ್ಳಲು ಕುಳಿತ ಯಜಮಾನರು ಏಳಲಿಲ್ಲ.

ಕಳೆದ ಕೆಲವು ವಾರ ಈ ಅಂಕಣ ಬರಲಿಲ್ಲವಲ್ಲ, ಕಾರಣ ಇದು. ವಿಚಾರಿಸಿ ಬರೆದ ಎಲ್ಲರಿಗೂ ನಮಸ್ಕಾರ. ಆದರೆ ಇವತ್ತು ನಾನು ಅಳುವುದಕ್ಕೆ ಕುಳಿತಿಲ್ಲ. ಒಂದು ಗೆಲುವಿನ ವರದಿ ಕೊಡುವುದಿದೆ.

ಮುಂದೆ ಹೋಗಿದ್ದ ಆ ಮೀಟಿಂಗ್ ಹೋದ ಭಾನುವಾರ ನಡೆಯಿತು. ಯಜಮಾನರ ಫೋಟೋಕ್ಕೆ ಹಾರ ಹಾಕಿ, ಎರಡು ನಿಮಿಷ ಮೌನ ಆಚರಿಸಿ, ಎಲ್ಲರೂ ಕಾಫಿಗೆ ಏಳುವವರಿದ್ದರು. ನಾನು ಎದ್ದೆ. "ಮುರುಗೇಶಣ್ಣ, ಚರ್ಚೆ ಬಾಕಿ ಇದೆ" ಅಂದೆ.

ಅವರ ಕಣ್ಣು ತುಂಬಿಕೊಂಡಿತು. "ಬೇಡ ತಂಗಚ್ಚಿ. ಸಾರೇ ಗೆದ್ರು ಅಂತ ಈಗ್ಲೇ ಹೊಡಿತೀನಿ ಸೆಲ್ಯೂಟ್."

"ಕನಿಕರದ ಸೆಲ್ಯೂಟ್ ನಮ್ಮನೆಗೆ ಬೇಡ ಅಣ್ಣ. ನಿಮ್ ಪಾಯಿಂಟ್ ಹೇಳಿ. ಬಿಟ್ಟುಕೊಡಬಾರದು."

ನನಗೇನು ಗೊತ್ತಿತ್ತು ಅಂತ ಎದ್ದೆ? ಓದಿದ್ದು ಹತ್ತನೇ ಕ್ಲಾಸು. ಸಭೆಯಲ್ಲಿ ಮಾತಾಡಿದ್ದು ಅದೇ ಮೊದಲು. ಆದರೆ ಅವರು ಅರ್ಧಕ್ಕೆ ಬಿಟ್ಟು ಹೋದ ಮಾತನ್ನು ಬೇರೆ ಯಾರು ಮುಗಿಸಬೇಕು?

ಮುರುಗೇಶಣ್ಣ ಕಣ್ಣೊರೆಸಿಕೊಂಡು ಶುರು ಮಾಡಿದರು. ನಿಜಕ್ಕೂ ಬಿಟ್ಟುಕೊಡಲಿಲ್ಲ. ಸ್ಯಾಟಲೈಟ್, ಡ್ರೋನ್, ಮಿಸೈಲ್. ನೂರಾರು ಮೈಲಿ ದೂರದಿಂದ ಹೊಡೆದರೂ ಗುರಿ ತಪ್ಪುವುದಿಲ್ಲ. ವೈರಿಯ ಮುಖವನ್ನೇ ನೋಡಬೇಕಿಲ್ಲ. ಇಲ್ಲಿ ಸೋಫಾದ ಮೇಲೆ ಕುಳಿತವರಿಗೂ ಟಿವಿಯಲ್ಲಿ ಸೈರನ್ನು, ನಕ್ಷೆ, ಬಾಣದ ಗುರುತು. ಜನ ತಲೆಯಾಡಿಸಿದರು. ನಾನೂ ಆಡಿಸಿದೆ. ಇದ್ದದ್ದನ್ನು ಇಲ್ಲ ಅನ್ನಲಾಗುತ್ತದೆಯೇ? ಆಯುಧ ಬದಲಾಗಿದೆ, ಬೆಟ್ಟ ಹತ್ತುವ ರೀತಿ ಬದಲಾಗಿದೆ.

ನನ್ನ ಸರದಿ ಬಂತು. ವೀರಗಲ್ಲಿನ ಮಾತೆತ್ತಿದೆ. ನಮ್ಮ ಜಿಲ್ಲೆಯಲ್ಲಿ ಕಾಲಿಟ್ಟಲ್ಲೆಲ್ಲ ಇವೆ. ಯಜಮಾನರು ಸ್ಕೂಟರ್ ನಿಲ್ಲಿಸಿ ನಿಲ್ಲಿಸಿ ತೋರಿಸುತ್ತಿದ್ದರು. ಕೆಳಗಿನ ಸಾಲಿನಲ್ಲಿ ಕಾಳಗ, ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವನ ಸನ್ನಿಧಿ. "ಅವನಿಗಾಗಿ ಕಾಯ್ತಿದ್ದೋಳು ಯಾವ ಸಾಲಲ್ಲಿದಾಳೆ ಅಣ್ಣ? ನಾನಂತೂ ಕಂಡಿಲ್ಲ. ಆವತ್ತೂ ಅವಳು ಲೆಕ್ಕಕ್ಕಿಲ್ಲ, ಇವತ್ತೂ ನಿಮ್ ನಕ್ಷೆಯಲ್ಲಿಲ್ಲ."

"ಸೆಂಟಿಮೆಂಟ್ ಬೇಡ ತಂಗಚ್ಚಿ! ನಿಮ್ ಕಾಲದಲ್ಲಿ ಒಂದು ಕಾಗದ ಬರೋಕೆ ಹದಿನೈದು ದಿನ. ಈಗ ವಾಟ್ಸಾಪು. ಕಾಯೋದೇ ಇಲ್ಲ. ಬೇಕಾದ್ರೆ ರಕ್ಷಿತಾನ ಕೇಳಿ."

ಸಭೆ ನಕ್ಕಿತು. ಅಲ್ಲಿಗೆ ನಾನು ಸೋತಂತೆಯೇ.

ರಕ್ಷಿತಾ ಅಂದರೆ ನವುಲೆಯ ಹುಡುಗಿ. ಮಾವನ ಜೊತೆ ಮೀಟಿಂಗಿಗೆ ಬಂದಿದ್ದಳು. ಗಂಡ ಗಡಿಯಲ್ಲಿದ್ದಾನೆ. ನಾಚಿಕೊಂಡೇ ಎದ್ದು ನಿಂತಳು.

"ಹೋದ್ವರ್ಷ ಗಲಾಟೆ ಆದಾಗ ಅವರ ಪೋಸ್ಟಲ್ಲಿ ಫೋನ್ ಮುಟ್ಟೋ ಹಾಗಿರ್ಲಿಲ್ಲ ಅಂಕಲ್. ಕೈಗೆ ಸಿಕ್ಕಾಗ ಕೇಳ್ಲಿ ಅಂತ ವಾಯ್ಸ್ ಮೆಸೇಜ್ ಕಳಿಸ್ತಿದ್ದೆ. ಎಲ್ಲಾ ಒಂದೇ ಟಿಕ್. ನೆಟ್‌ವರ್ಕ್ ಸಿಕ್ಕಿದ್ರೂ ಕೆಲವು ಓಪನ್ ಆಗ್ತವೆ, ಕೆಲವು ಆಗಲ್ಲ. ಅದಕ್ಕೇ ಶುರುವಲ್ಲೇ ನಂಬರ್ ಹೇಳ್ತಿದ್ದೆ. ಇದು ಒಂದನೇದು, ಇದು ಎರಡನೇದು ಅಂತ."

ನಾನು ಕುರ್ಚಿಯ ಹಿಡಿ ಹಿಡಿದುಕೊಂಡೆ. ಯಾಕೆಂದರೆ ಗಡಿಯಲ್ಲಿ ಯುದ್ಧ ನಡೆದ ಆ ವರ್ಷ ಯಜಮಾನರು ನನಗೆ ಬರೆದ ಪ್ರತಿ ಕಾಗದದ ಬಲಮೂಲೆಯಲ್ಲೂ ಒಂದು ನಂಬರ್ ಇದೆ. ಬೆಟ್ಟದಿಂದ ಇಳಿದು ಬರುವ ಟಪಾಲು ಹಿಂದುಮುಂದಾಗುತ್ತದೆ. ಮೂರನೆಯದಕ್ಕಿಂತ ಮೊದಲು ಐದನೆಯದು ಬರುತ್ತದೆ. ನಂಬರ್ ಇದ್ದರೆ ಓದುವವರಿಗೆ ಕ್ರಮ ಸಿಗುತ್ತದೆ. ಹಾಗೆ ನಲವತ್ತೊಂದರವರೆಗೆ ಬಂದವು, ಇಪ್ಪತ್ತಮೂರನೆಯದೊಂದನ್ನು ಬಿಟ್ಟು.

ಅದರಲ್ಲೇನು ಬರೆದಿದ್ದಿರಿ ಅಂತ ಎಷ್ಟೋ ಸಲ ಕೇಳಿದ್ದೆ. "ಮರ್ತೋಯ್ತು ಮಾರಾಯ್ತಿ" ಅಂದು ಸ್ಕೂಟರ್ ಕೀ ಹುಡುಕುತ್ತಿದ್ದರು. ಸಿಟ್ಟನ್ನೆಲ್ಲ ನಾನು ಪೋಸ್ಟ್‌ಮ್ಯಾನ್ ನಾಗಪ್ಪನವರ ಮೇಲೆ ತೀರಿಸಿಕೊಂಡೆ. ಕಳೆದುಹಾಕಿದ್ದು ನೀವೇ ಅಂತ ಕಂಡಾಗಲೆಲ್ಲ ಅನ್ನುತ್ತಿದ್ದೆ. ಪಾಪ, ರಿಟೈರ್ ಆದ ಮೇಲೂ ನನ್ನನ್ನು ಕಂಡರೆ ರಸ್ತೆ ದಾಟುತ್ತಿದ್ದರು.

ರಕ್ಷಿತಾ ಇನ್ನೂ ಮಾತಾಡುತ್ತಿದ್ದಳು. "ರಜೆಗೆ ಬಂದೋರು ಮೊದ್ಲು ಕೇಳಿದ್ದೇನು ಗೊತ್ತಾ? ಎಲ್ಲಾ ಬಂತು, ಎಂಟನೇದು ಎಲ್ಲಿ ಅಂತ."

"ಎಲ್ಲಿ?" ಅಂದೆ ನಾನು.

"ಅದರಲ್ಲಿ ಅತ್ತುಬಿಟ್ಟಿದ್ದೆ ಆಂಟಿ. ಕಳಿಸೋ ಮುಂಚೆ ಡಿಲೀಟ್ ಮಾಡ್ದೆ. ಮುಂದಿನದಕ್ಕೆ ಒಂಬತ್ತು ಅಂತ್ಲೇ ಹೇಳ್ದೆ."

"ಮತ್ತೆ ಎಂಟು ಅನ್ನಬಹುದಿತ್ತಲ್ಲ?"

"ಎಂಟು ಹೇಳಾಗಿತ್ತಲ್ಲ ಆಂಟಿ."

ಯಾರೂ ನಗಲಿಲ್ಲ. ನಾನು ಮುರುಗೇಶಣ್ಣನ ಕಡೆ ತಿರುಗಿದೆ. "ಅಣ್ಣ, ನೀವು ಯಾವತ್ತಾದ್ರೂ ಬರೆದ ಕಾಗದ ಹರಿದು ಹಾಕಿದ್ದುಂಟಾ?"



"ಯಾರು ಹರಿದಿಲ್ಲ ತಂಗಚ್ಚಿ? ನಾನು ಎರಡು. ಸಾರ್ ಒಂದು. ನನ್ ಮುಂದೇನೇ ಹರಿದ್ರು. ಇದನ್ನ ಓದಿದ್ರೆ ಅವಳು ಊಟ ಬಿಡ್ತಾಳೆ ಮಾರಾಯ ಅಂದ್ರು. ನಂಬರ್ ಡೈರಿಲಿ ಬರೆದಾಗಿತ್ತು. ಮುಂದಿನ ಕಾಗದಕ್ಕೆ ಮುಂದಿನ ನಂಬರೇ ಹಾಕಿದ್ರು."

"ಏನು ಬರೆದಿದ್ರು?"

"ಕೇಳ್ಲಿಲ್ಲಮ್ಮ. ಅದನ್ನ ಕೇಳಬಾರದು."

ಕಾಗದ ಹೋಗಿ ಫೋನ್ ಬಂತು. ಹದಿನೈದು ದಿನ ಹೋಗಿ ಒಂದು ಟಿಕ್ ಬಂತು. ಬೆಟ್ಟದ ಮೇಲಿದ್ದ ಗಂಡಸೊಬ್ಬ ಹೆಂಡತಿಗಾಗಿ ಮಾಡಿದ್ದನ್ನು, ಇಪ್ಪತ್ತೈದು ವರ್ಷದ ನಂತರ ನವುಲೆಯ ಹುಡುಗಿ ಗಂಡನಿಗಾಗಿ ಮಾಡಿದಳು. ಇವಳಿಗೆ ಅದನ್ನು ಯಾರು ಹೇಳಿಕೊಟ್ಟರು?

"ಹಾಗಾದ್ರೆ ಬದಲಾಗಿದ್ದೇನು ಅಣ್ಣ?" ಅಂದೆ.

ಮುರುಗೇಶಣ್ಣ ಎದ್ದು ನಿಂತರು. ಆಮೇಲೆ ಅಂಗಿ ಎಳೆದು ಸರಿಮಾಡಿಕೊಂಡು, ಮಂಡಿನೋವು ಮರೆತು, ಹಿಮ್ಮಡಿ ಕೂಡಿಸಿ, ಫೋಟೋದ ಎದುರಿಗಲ್ಲ, ನನ್ನ ಎದುರಿಗೆ ನಿಂತು ಸೆಲ್ಯೂಟ್ ಹೊಡೆದರು. ಎಂಥ ಸೆಲ್ಯೂಟ್ ಅಂತೀರಿ! ಇಡೀ ಹಾಲ್ ಎದ್ದು ಚಪ್ಪಾಳೆ ತಟ್ಟಿತು. ರಕ್ಷಿತಾ ಸಿಳ್ಳೆ ಹಾಕಿದಳು. (ಅವಳ ಮಾವ ಬೇರೆ ಕಡೆ ನೋಡುತ್ತಿದ್ದರು.) ನಾನೂ ಸೆಲ್ಯೂಟ್ ಹೊಡೆದೆ. ಕೈ ತಪ್ಪಾಗಿತ್ತಂತೆ, ಮುರುಗೇಶಣ್ಣ ಅಲ್ಲೇ ತಿದ್ದಿದರು.

ಹನ್ನೊಂದು ವರ್ಷದ ಯುದ್ಧವನ್ನು ನಮ್ಮ ಮನೆ ಗೆದ್ದಿತು, ಸ್ವಾಮಿ!

ಸೋಮವಾರ ನಾಗಪ್ಪನವರ ಮನೆಗೆ ಹೋಗಿ ಕ್ಷಮೆ ಕೇಳಿದೆ. "ಅಂತೂ ಪೆನ್ಶನ್ ಬಂದ್ಮೇಲೆ ಕ್ಲಿಯರೆನ್ಸ್ ಸಿಕ್ತು ಬಿಡಮ್ಮ" ಅಂತ ನಕ್ಕು ಕಾಫಿ ಕೊಟ್ಟರು. ಮನೆಗೆ ಬಂದು ಕಾಗದದ ಗಂಟು ಬಿಚ್ಚಿದೆ. ಇಪ್ಪತ್ತನಾಲ್ಕನೆಯದನ್ನು ಓದಿದೆ. ಆರೋಗ್ಯವಾಗಿದ್ದೇನೆ, ಇಲ್ಲಿ ಚಳಿ ಕಡಿಮೆ, ಹೊಟ್ಟೆತುಂಬ ಊಟ ಮಾಡು ಅಂತ ಬರೆದಿದ್ದಾರೆ. ಚಳಿ ಕಡಿಮೆಯಂತೆ, ಆ ಬೆಟ್ಟದ ಮೇಲೆ!

ಕಾಗದಗಳನ್ನು ಮತ್ತೆ ಕ್ರಮವಾಗಿ ಜೋಡಿಸಿ ಕಟ್ಟಿಟ್ಟೆ. ಒಟ್ಟು ನಲವತ್ತು ಇವೆ.

ಇಪ್ಪತ್ತಮೂರನೆಯದು ಇಲ್ಲ.