ಅತ್ತೆಯ ಐವತ್ತೆರಡು ಗ್ರಾಂ

ನಮ್ಮ ಸೋದರತ್ತೆಗೆ ತಕ್ಕಡಿ ಬೇಕಿಲ್ಲ. ಕಲಸಿದ ಹಿಟ್ಟಿನಿಂದ ಒಂದು ಚೂರು ಕಿತ್ತು ಅಂಗೈಯಲ್ಲಿ ಒಮ್ಮೆ ಎಗರಿಸಿದರೆ ಸಾಕು, ಅದು ಎಷ್ಟು ಗ್ರಾಂ ಎಂದು ಹೇಳಿಬಿಡುತ್ತಾಳೆ. ನಾನು ಅವಳ ಜೊತೆ ಬೇಕರಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಇದನ್ನು ನಂಬದೆ, ಬನ್ನಿನ ಹದಿನೆಂಟು ಉಂಡೆಗಳನ್ನು ಒಂದೊಂದಾಗಿ ತೂಗಿ ನೋಡಿದ್ದೆ. ಎಲ್ಲವೂ ಅರವತ್ತು ಗ್ರಾಂ. ಒಂದೇ ಒಂದು ಮಾತ್ರ ಎರಡು ಗ್ರಾಂ ಹೆಚ್ಚಿತ್ತು. ಅದು ನಾನು ಮಾಡಿದ್ದು.

ಅವಳು ಆ ಭಟ್ಟಿಯ ಮುಂದೆ ನಿಂತು ಮೂವತ್ತೆರಡು ವರ್ಷವಾಯಿತು. ಊರು ಏಳುವ ಮೊದಲೇ ಊರಿಗೆ ಬ್ರೆಡ್ಡು ಬೇಯಬೇಕು. ಕೆಲಸ ಮುಗಿಸಿ ಅವಳು ಬೀದಿಗೆ ಬರುವ ಹೊತ್ತಿಗೆ ಸೂರ್ಯ ಎದುರು ಮನೆಯ ಮಹಡಿ ದಾಟಿ ಮೇಲೆ ಹೋಗಿರುತ್ತಾನೆ. ರಜೆಯ ದಿನ ನೋಡಬಹುದಲ್ಲ ಎಂದರೆ, ಅವತ್ತು ಅವಳಿಗೆ ಕುಂಭಕರ್ಣನ ನಿದ್ದೆ. ಹೀಗಾಗಿ ಐವತ್ತೊಂಬತ್ತು ವರ್ಷದ ನನ್ನ ಅತ್ತೆ ಈ ಕೆಲಸಕ್ಕೆ ಸೇರಿದ ಮೇಲೆ ಒಂದೇ ಒಂದು ಸೂರ್ಯೋದಯ ನೋಡಿಲ್ಲ. ಈ ವರ್ಷ ಅದು ಅವಳ ತಲೆಗೆ ಹೊಕ್ಕಿತು. ನೋಡಿದರೆ ಬೆಟ್ಟದ ತುದಿಯಿಂದಲೇ ನೋಡಬೇಕು, ಅದೂ ನಡೆದುಕೊಂಡೇ ಹೋಗಿ ನೋಡಬೇಕು ಎಂದು ಹಟ ಹಿಡಿದಳು. ಮನೆಯ ತಾರಸಿಗೆ ಹದಿನಾರೇ ಮೆಟ್ಟಿಲು, ಅಲ್ಲಿಂದಲೂ ಅದೇ ಸೂರ್ಯ ಕಾಣುತ್ತಾನೆ ಎಂದು ಮಾವ ಹೇಳಿ ನೋಡಿದರು. ಅವತ್ತು ಅವರ ಕಾಫಿಗೆ ಸಕ್ಕರೆ ಬೀಳಲಿಲ್ಲ.

ನಿವೃತ್ತ ಡ್ರಿಲ್ ಮೇಷ್ಟ್ರೊಬ್ಬರು ನಾಲ್ಕು ದಿನದ ಚಾರಣಕ್ಕೆ ತಂಡ ಕಟ್ಟುತ್ತಿದ್ದರು. ಅತ್ತೆ ಹೆಸರು ಕೊಟ್ಟಳು. ಅವಳ ಮೇಲೆ ಒಂದು ಕಣ್ಣಿಡಲು ಮಾವ ನನ್ನನ್ನೂ ಸೇರಿಸಿದರು. ಅತ್ತೆಯ ಬೆನ್ನು ಮೊದಲಿನಂತಿಲ್ಲ, ಆರು ಕಿಲೋಗಿಂತ ಹೆಚ್ಚು ಹೊರಬಾರದು ಎಂದು ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು. ಆ ಚೀಟಿಯನ್ನು ಬಚ್ಚಿಡುವ ಬದಲು ಪ್ರಾಮಾಣಿಕಳಾದ ಅತ್ತೆ ಅದನ್ನು ಮೇಷ್ಟ್ರ ಕೈಗೇ ಕೊಟ್ಟಳು. ಮುಗಿಯಿತು. ಹೊರಡುವ ದಿನ ಚೀಲ ತೂಗುತ್ತೇನೆ, ಆರು ಕಿಲೋ ಮೇಲೆ ಒಂದು ಗ್ರಾಂ ಇದ್ದರೂ ಬಸ್ಸು ಹತ್ತಿಸುವುದಿಲ್ಲ, ಇನ್ನೊಬ್ಬರ ಚೀಲಕ್ಕೆ ಸಾಮಾನು ದಾಟಿಸುವಂತೆಯೂ ಇಲ್ಲ ಎಂದು ಅವರು ಹೇಳಿಬಿಟ್ಟರು.

ಮಲಗುವ ಚೀಲ, ಮಳೆ ಕೋಟು, ಬೆಚ್ಚನೆಯ ಬಟ್ಟೆ, ನೀರು, ಅವಳ ಪಾಲಿನ ಆಹಾರ, ಎಲ್ಲ ಸೇರಿಸಿ ಬೇಕರಿಯ ತಕ್ಕಡಿಯ ಮೇಲಿಟ್ಟೆವು. ಎರಡನೆಯ ಟವೆಲ್ ಹೊರಗೆ ಬಂತು. ಸೋಪಿನ ಡಬ್ಬಿ ಹೊರಗೆ ಬಂತು. ಕಿತ್ತಾಡಿ ಕಿತ್ತಾಡಿ ಕೊನೆಗೆ ಉಳಿದದ್ದು ಐವತ್ತೆರಡು ಗ್ರಾಂ ಜಾಗ. ಅಷ್ಟರಲ್ಲಿ ಕಾಫಿಯ ಕಪ್ಪು ಹಿಡಿಯಬೇಕು. ಅವಳ ಸ್ಟೀಲ್ ಲೋಟವೇ ನೂರ ತೊಂಬತ್ತು ಗ್ರಾಂ.

ಕಪ್ಪನ್ನೇ ಬಿಟ್ಟುಬಿಡು ಎಂದು ಹೇಳುವುದು ಸುಲಭ. ಆದರೆ ಬೆಳಗಿನ ಜಾವ ಸುಡುಸುಡು ಕಾಫಿ ಬೀಳದಿದ್ದರೆ ಅತ್ತೆಗೆ ತಲೆ ಸಿಡಿಯುತ್ತದೆ, ಕಣ್ಣು ಬಿಡಲಾಗುವುದಿಲ್ಲ. ಕಣ್ಣು ಮುಚ್ಚಿಕೊಂಡು ಸೂರ್ಯೋದಯ ನೋಡುವುದು ಹೇಗೆ? ಬೆಟ್ಟದ ಮೇಲೆ ಕಾಗದದ ಕಪ್ಪು ಮೇಷ್ಟ್ರಿಗೆ ಆಗದು. ನನ್ನ ಕಪ್ಪಲ್ಲೇ ಕುಡಿ ಎಂದೆ. ಇನ್ನೊಬ್ಬರು ಕುಡಿದು ಮುಗಿಸುವುದನ್ನು ಕಾಯುತ್ತಾ ನಿಲ್ಲುವವಳಲ್ಲ ತಾನು ಎಂದಳು.

ಚಾರಣದ ಸಾಮಾನಿನ ಅಂಗಡಿಗೆ ಹೋದೆವು. ಅಂಗಡಿಯವನು ಮಡಚುವ ಕಪ್ಪೊಂದನ್ನು ಕೊಟ್ಟು, ಬರೀ ಐವತ್ತು ಗ್ರಾಂ, ಡಬ್ಬದ ಮೇಲೇ ಬರೆದಿದೆ ನೋಡಿ ಎಂದ. ಅತ್ತೆ ಅದನ್ನು ಅಂಗೈಯಲ್ಲಿ ಒಮ್ಮೆ ಎಗರಿಸಿದಳು.

"ಬರೆಯೋರಿಗೇನಪ್ಪ, ಬರೀತಾರೆ. ಇದು ಅರವತ್ತೊಂದು."

ಅವನು ಮೂಲೆಯಲ್ಲಿದ್ದ ತಕ್ಕಡಿಯ ಮೇಲೆ ಇಟ್ಟ. ಅರವತ್ತೊಂದು. ಆಮೇಲೆ ಅವನೇ ಉತ್ಸಾಹದಿಂದ ಒಂದೊಂದನ್ನೇ ಇಳಿಸಿಕೊಡತೊಡಗಿದ. ಹಿಡಿಯಿರುವ ಪ್ಲಾಸ್ಟಿಕ್ ಮಗ್ಗು ಎಪ್ಪತ್ತು. ಎರಡು ಪದರದ ಸ್ಟೀಲಿನದು ನೂರ ಇಪ್ಪತ್ತೈದು. ಬೂಟು ಕೊಳ್ಳಲು ಬಂದಿದ್ದವರು ಒಂದು ಕಾಲಿಗೆ ಹಾಕಿಕೊಂಡು ಹಾಗೇ ನೋಡುತ್ತಾ ನಿಂತರು. ಕೊನೆಗೆ ಬಂದದ್ದು ಹಿಡಿಯೇ ಇಲ್ಲದ, ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳನೆಯ ಟೈಟಾನಿಯಂ ಕಪ್ಪು. ನಲವತ್ತೆಂಟು ಎಂದಳು ಅತ್ತೆ. ನಲವತ್ತೆಂಟೇ.

ಇದು ಒಂದೇ ಪದರ ಅಮ್ಮಾ, ಬಿಸಿಯಾಗುತ್ತೆ ಎಂದು ಅವನು ಎಚ್ಚರಿಸಿದ. ಅತ್ತೆ ಅವನ ಕೆಟಲಿನಿಂದ ಕುದಿಯುವ ನೀರು ಹಾಕಿಸಿಕೊಂಡು, ಎರಡೂ ಅಂಗೈಯಲ್ಲಿ ಕಪ್ಪನ್ನು ತಬ್ಬಿ ಹಿಡಿದು, ಅವನ ಊರು ಕೇರಿ ವಿಚಾರಿಸಿದಳು. ಏನೂ ಸುಡಲ್ಲ ಎಂದು ತೀರ್ಪು ಕೊಟ್ಟಳು. ನಾನೂ ತಲೆಯಾಡಿಸಿದೆ.

ನಾವು ಎಡವಿದ್ದು ಇಲ್ಲೇ. ಮೂವತ್ತೆರಡು ವರ್ಷ ಭಟ್ಟಿಯಿಂದ ಬಿಸಿ ತಟ್ಟೆ ಎಳೆದು ಎಳೆದು ಆ ಕೈಗಳ ಚರ್ಮ ದಪ್ಪಗಟ್ಟಿದೆ. ಸುಡುತ್ತದಾ ಎಂದು ಆ ಕೈಯನ್ನು ಕೇಳುವುದೂ ಹಸಿವಾಗಿದೆಯಾ ಎಂದು ನಮ್ಮ ಮಾವನನ್ನು ಕೇಳುವುದೂ ಒಂದೇ. ಯಾವಾಗ ಕೇಳಿದರೂ ಒಂದೇ ಉತ್ತರ. ದಿನಾ ಅವಳ ಪಕ್ಕದಲ್ಲೇ ನಿಲ್ಲುವ ನನಗಾದರೂ ಬುದ್ಧಿ ಬೇಡವೇ?

ಭಾನುವಾರ ಊರಾಚೆಯ ದಿಣ್ಣೆಗೆ ಮೇಷ್ಟ್ರು ನಮ್ಮನ್ನು ಅಭ್ಯಾಸಕ್ಕೆ ನಡೆಸಿದರು. ತುದಿಯಲ್ಲಿ ಸಣ್ಣ ಸ್ಟವ್ ಹಚ್ಚಿ ಕಾಫಿ ಮಾಡಿದರು. ಎಲ್ಲರೂ ನೋಡಲಿ ಎಂದು ಅತ್ತೆ ಹೊಸ ಕಪ್ಪನ್ನು ಜಂಬದಿಂದ ಬಾಯಿಗಿಟ್ಟಳು. ಚುರ್ ಎಂದಿತು. ಕಪ್ಪು ಉರುಳಿ ಇಳಿಜಾರಿಗೆ ಹೋಯಿತು, ನಾನು ಓಡಿ ಹೋಗಿ ಹಿಡಿದು ತರುವಷ್ಟರಲ್ಲಿ ಕೆಳತುಟಿ ಬೊಬ್ಬೆ ಬಂದು ಊದಿತ್ತು. ಅಂಚು ಆರುವ ತನಕ ಕಾದರೆ ಒಳಗಿನ ಕಾಫಿಯೂ ತಣ್ಣಗಾಗಿರುತ್ತದೆ, ಅಂಥ ಕಾಫಿಗೆ ಅವಳ ತಲೆನೋವು ಹೆದರುವುದಿಲ್ಲ. ಹೊರಡಲು ಉಳಿದದ್ದು ನಾಲ್ಕೇ ದಿನ.

ಅವತ್ತು ಮನೆಗೆ ಬಂದು ಅತ್ತೆ ಚೀಲದಿಂದ ಬಟ್ಟೆ ಹೊರಗೆ ತೆಗೆಯತೊಡಗಿದಳು.

"ಹೋಗಲಿ ಬಿಡು ಕಣೇ. ತಾರಸಿಯಿಂದಲೇ ನೋಡ್ತೀನಿ."

ಜಗಳವಾಡಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ಸೋತು ಮಾತಾಡಿದ್ದು ನನಗೆ ತಡೆಯಲಾಗಲಿಲ್ಲ. ತೆಗೆದ ಬಟ್ಟೆಯನ್ನೆಲ್ಲ ಮತ್ತೆ ಚೀಲಕ್ಕೆ ತುರುಕಿ, ಅವಳ ಕಡೆ ತಿರುಗಿಯೂ ನೋಡದೆ ಮಲಗಿದೆ.

ಮರುದಿನ ಬೇಕರಿಯಲ್ಲಿ ಸಣ್ಣ ಕೇಕುಗಳನ್ನು ಭಟ್ಟಿಯಿಂದ ತೆಗೆದಿದ್ದೆವು. ಬೇಯಿಸಿದ್ದು ಮೆತ್ತನೆಯ ಸಿಲಿಕೋನ್ ಅಚ್ಚುಗಳಲ್ಲಿ. ನಾನು ಸ್ವಲ್ಪ ಹೊತ್ತು ಬಿಟ್ಟು, ಬರಿಗೈಯಲ್ಲಿ ಅಂಚು ಹಿಡಿದು ಒಂದೊಂದನ್ನೇ ಬೋರಲು ಹಾಕುತ್ತಿದ್ದೆ. ಕೇಕಿನಿಂದ ಇನ್ನೂ ಹಬೆ ಏಳುತ್ತಿತ್ತು. ಅತ್ತೆ ನನ್ನ ಬೆರಳುಗಳನ್ನೇ ದಿಟ್ಟಿಸಿದಳು.

"ನಿನ್ನ ಕೈ ಸುಡ್ತಿಲ್ವಾ?"

ಇಲ್ಲ ಎಂದೆ. ಅಷ್ಟೇ ಸಾಕಾಯಿತು. ಒಂದು ಅಚ್ಚು ತೊಳೆದು, ಕತ್ತರಿಯಿಂದ ಅದರ ಬಾಯಿಯನ್ನು ಬಳೆಯಂತೆ ಕತ್ತರಿಸಿ, ಹಿಗ್ಗಿಸಿ, ಕಪ್ಪಿನ ಅಂಚಿನ ಮೇಲೆ ಅರ್ಧ ಒಳಕ್ಕೆ ಅರ್ಧ ಹೊರಕ್ಕೆ ಮಡಚಿ ಕೂರಿಸಿದಳು. ಅಂಚನ್ನು ಬಿಗಿಯಾಗಿ ಕಚ್ಚಿ ಕೂತಿತು. ಆದರೆ ಅದು ಒಂಬತ್ತು ಗ್ರಾಂ, ನಮಗಿದ್ದ ಜಾಗ ನಾಲ್ಕು. ಎರಡನೆಯದನ್ನು ಕಿರಿದಾಗಿ ಕತ್ತರಿಸಲು ಹೋದಾಗ ಹರಿಯಿತು. ನಾನು ಒಂದು ಅಚ್ಚು ಕಳೆದರೆ ಮೂರು ದಿನ ಬೈಯುವ ಹೆಂಗಸು ಮೂರನೆಯದಕ್ಕೂ ಕತ್ತರಿ ಹಾಕಿದಳು. ಈ ಸಲ ಬಳೆಯನ್ನು ಅಂಗೈಯಲ್ಲಿಟ್ಟು ನಕ್ಕಳು. ನಾನು ತಕ್ಕಡಿ ನೋಡುವ ಗೋಜಿಗೇ ಹೋಗಲಿಲ್ಲ.

ಕುದಿಯುವ ಕಾಫಿ ಸುರಿದು ನನ್ನ ಮುಂದೆ ಚಾಚಿದಳು. ಇನ್ನು ಮೇಲೆ ಬಿಸಿಯ ವಿಷಯಕ್ಕೆ ತನ್ನನ್ನು ಕೇಳಬೇಡ, ನೀನೇ ಕುಡಿದು ಹೇಳು ಎಂದಳು. ಕರವಸ್ತ್ರ ಸುತ್ತಿ ಹಿಡಿದು ಕುಡಿದೆ. ತುಟಿ ಸುಡಲಿಲ್ಲ.

ಹೊರಡುವ ದಿನ ಮೇಷ್ಟ್ರು ಕೊಕ್ಕೆ ತಕ್ಕಡಿಗೆ ಚೀಲ ನೇತುಹಾಕಿದರು. ಮುಳ್ಳು ಆರರ ಮೇಲೆ ನಿಂತಿತು. ಅದನ್ನು ಬೆರಳಿಂದ ತಟ್ಟಿದರು, ಕನ್ನಡಕ ಒರೆಸಿ ಮತ್ತೆ ನೋಡಿದರು, ಚೀಲ ಇಳಿಸಿ ಮತ್ತೊಮ್ಮೆ ತೂಗಿದರು. ಮುಳ್ಳು ಕದಲಲಿಲ್ಲ. ಬಸ್ಸು ಹತ್ತಿ ಎಂದರು.

ಎರಡು ದಿನ ನಡೆದೆವು. ನನ್ನ ಕಾಲು ಪದ ಹಾಡಿತು, ಅವಳ ಬೆನ್ನು ಚಕಾರ ಎತ್ತಲಿಲ್ಲ. ಮೂರನೆಯ ಬೆಳಗ್ಗೆ ತುದಿಯಲ್ಲಿದ್ದೆವು. ಕೊರೆಯುವ ಗಾಳಿ. ಮೇಷ್ಟ್ರು ಎಲ್ಲರಿಗೂ ಕಾಫಿ ಬಗ್ಗಿಸಿದರು. ನಾವೆಲ್ಲ ನಮ್ಮ ನಮ್ಮ ಕಪ್ಪನ್ನು ಕೈಗವಸು, ಮಫ್ಲರಿನಲ್ಲಿ ಹಿಡಿದು ಉಫ್ ಉಫ್ ಎನ್ನುತ್ತಿದ್ದರೆ, ಅತ್ತೆ ಹಿಡಿಯಿಲ್ಲದ ಕಪ್ಪನ್ನು ಬರಿಗೈಯಲ್ಲಿ ಹಿಡಿದು ಗುಟುಕು ಗುಟುಕಾಗಿ ಕುಡಿದಳು. ಆ ಕಪ್ಪನ್ನು ಹಾಗೆ ಹಿಡಿಯುವ ಕೈ ಆ ಬೆಟ್ಟದ ಮೇಲೆ ಅದೊಂದೇ ಇತ್ತು.

ಆಗ ಸೂರ್ಯ ಬಂದ. ಮೊದಲು ಒಂದು ಗೆರೆ, ಆಮೇಲೆ ಅರ್ಧ, ಆಮೇಲೆ ಇಡಿಯಾಗಿ. ಕಣಿವೆಯ ಮಂಜೆಲ್ಲ ಕೆಂಪಾಯಿತು. ಅತ್ತೆ ರೆಪ್ಪೆ ಬಡಿಯದೆ ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ದನಿಯಲ್ಲಿ ಮಾತ್ರ ನಿಜವಾದ ಸಿಟ್ಟು.

"ಮೂವತ್ತೆರಡು ವರ್ಷ, ದಿನಾ, ನನ್ನ ಬೆನ್ನ ಹಿಂದೆ ಇಷ್ಟೆಲ್ಲ ನಡೀತಿತ್ತಾ?"

ಸ್ವಲ್ಪ ಹೊತ್ತಿನ ಮೇಲೆ ಮೇಷ್ಟ್ರು ಗಡಿಯಾರ ನೋಡಿ, ಬಿಸಿಲೇರುವ ಮೊದಲು ಇಳಿಯಬೇಕು ಎಂದರು. ಅತ್ತೆ ಅಲುಗಲಿಲ್ಲ. ಖಾಲಿ ಕಪ್ಪನ್ನು ಅವರ ಮುಂದೆ ಚಾಚಿದಳು.

"ಇನ್ನೊಂದು ಹಾಕಿ ಮೇಷ್ಟ್ರೇ. ಇವತ್ತು ನನಗೆ ಯಾವ ಅವಸರಾನೂ ಇಲ್ಲ."

ಮೇಷ್ಟ್ರು ಗಡಿಯಾರದ ಮೇಲೆ ಸ್ವೆಟರಿನ ತೋಳು ಎಳೆದುಕೊಂಡು, ಮತ್ತೆ ಸ್ಟವ್ ಹಚ್ಚಿದರು.