ಎಂಟರ ಕಾರು, ನಾಲ್ಕರ ಕಾರು

ಬೆಳಕು ಹರಿಯುವ ಮೊದಲು ವಾರಿಜಾಕ್ಷಿ ಒಲೆಯ ಬೂದಿ ತೆಗೆದು, ಗಂಜಿಗೆ ನೀರಿಟ್ಟು, ಹಟ್ಟಿಗೆ ಹೋಗಿ ಹಾಲು ಕರೆದು ಬರುತ್ತಿದ್ದಳು. ನೆನೆದ ಅಕ್ಕಿ ಅರೆದು, ಮಕ್ಕಳ ಅಂಗಿ ಒಗೆದು ಹರವಿ, ಅಂಗಳ ಗುಡಿಸಿದರೆ ಬಾವಿಯ ಸರದಿ. ಮನೆಗೆ ಆರು ಕೊಡ, ದಾರಿಯಲ್ಲಿ ಕುದಿಯುವ ಕಾರಿಗೆ ನಾಲ್ಕು ಡಬ್ಬಿ. ಬಾಡಿಗೆ ಕಾರಿನ ನೀರು ಮನೆಗೆಲಸ ಹೇಗಾಯಿತೆಂದು ಯಾರೂ ಕೇಳಿರಲಿಲ್ಲ. ನೀರು ಎಂದ ಮೇಲೆ ಅದು ಹೆಂಗಸರ ಪಾಲು.

ಅಳದಂಗಡಿಯಿಂದ ಬಂಟ್ವಾಳಕ್ಕೆ ಮದುವೆಯಾಗಿ ಬಂದವಳು ಅವಳು. ಗಂಡ ಕುಶಾಲಪ್ಪ ಬೆಳ್ತಂಗಡಿ, ಮೂಡಬಿದ್ರೆ ಕಡೆಗೆ, ಮದುವೆ ದಿಬ್ಬಣಗಳಿಗೆ ಬಾಡಿಗೆ ಓಡಿಸುತ್ತಿದ್ದ. ಎಂಟು ಸಿಲಿಂಡರಿನ ಹಳೆಯ ಅಮೆರಿಕದ ಕಾರು. ಊರವರ ಬಾಯಲ್ಲಿ ‘ಎಂಟರ ಕಾರು’. ಅಳಿಯಸಂತಾನದ ಕಟ್ಟಿನಲ್ಲಿ ಗಂಡಸಿನ ಆಸ್ತಿ ಅಕ್ಕತಂಗಿಯರ ಮಕ್ಕಳಿಗೆ. ಕಾರು ಹಾಗೆ ಕೈಬಿಟ್ಟು ಹೋಗದಿರಲಿ ಎಂದು ಕುಶಾಲಪ್ಪ ಅದನ್ನು ಹೆಂಡತಿಯ ಹೆಸರಿನಲ್ಲಿ ಮಾಡಿಸಿದ್ದ. ಹೆಸರು ಅವಳದಾದರೂ ಕಾರು ತನ್ನದೇ ಎಂಬುದರಲ್ಲಿ ಅವನಿಗೆ ಸಂಶಯವಿರಲಿಲ್ಲ.

ಅರುವತ್ತೆರಡನೇ ಇಸವಿಯಲ್ಲಿ ಆ ಎಂಜಿನು ಸವೆದು ಮೊಂಡು ಹಿಡಿಯಿತು. ಒಂದು ದಿನ ಸ್ಟಾರ್ಟ್ ಮಾಡಲು ಮುಂದಿನ ಹ್ಯಾಂಡಲ್ ತಿರುಗಿಸುವಾಗ ಅದು ಹಿಂದಕ್ಕೆ ಒದ್ದು ಕುಶಾಲಪ್ಪನ ಬಲಗೈ ಮೂಳೆ ಮುರಿಯಿತು. ಫರಂಗಿಪೇಟೆಯ ಮೆಕ್ಯಾನಿಕ್ ಹನೀಫಾ ಹಳೆಯದನ್ನು ಇಟ್ಟುಕೊಂಡು ಬೇರೆ ಕಾರು ಕೊಡಲು ಒಪ್ಪಿದ.

“ಹೋಗಿ ಸಹಿ ಹಾಕಿ ಬಾ. ಎಂಟರದ್ದೇ ಆಗಬೇಕು. ನಾಲ್ಕರದ್ದು ತಂದರೆ ಮದುಮಗ ಹತ್ತುವುದಿಲ್ಲ ಮಾರಾಯ್ತಿ,” ಎಂದ ಕುಶಾಲಪ್ಪ.

“ಅದಕ್ಕೆ ನೀರು ಸೇದುವುದು ಯಾರು?”

“ಇಷ್ಟು ವರ್ಷ ಸೇದಿದ್ದು ಯಾರು?” ಎಂದು ಅವನು ನಕ್ಕ. ಅವಳು ನಗಲಿಲ್ಲ.

ಬಸ್ಸಿನಲ್ಲಿ ಒಬ್ಬಳೇ ಹೋದಳು. ಹನೀಫಾನ ಶೆಡ್ಡಿನಲ್ಲಿ ಎರಡು ಕಾರು ನಿಂತಿದ್ದವು. ಅವನು ಎಂಟರ ಕಾರಿನ ಕಾಗದ ಮುಂದಿಟ್ಟ.

“ಮೊದಲು ಎರಡರದ್ದೂ ಬಾನೆಟ್ ಎತ್ತು.”

“ಅದರಲ್ಲಿ ನೋಡಲಿಕ್ಕೆ ಏನುಂಟು ವಾರಿಜಕ್ಕ? ಬರೀ ಕಬ್ಬಿಣ.”

“ಒಲೆಯೂ ಬರೀ ಮಣ್ಣು. ಎತ್ತು ನೀನು.”

ಎತ್ತಿದ. ಒಂದರಲ್ಲಿ ನಾಲ್ಕು ಸಿಲಿಂಡರು ಒಂದೇ ಸಾಲಿನಲ್ಲಿ. ಇನ್ನೊಂದರಲ್ಲಿ ಆಚೆ ನಾಲ್ಕು, ಈಚೆ ನಾಲ್ಕು, ಬುಡ ಕೂಡಿ ತಲೆ ಅಗಲಿದ ಎರಡು ಸಾಲು.

“ಎಂಟನ್ನೂ ಒಂದೇ ಸಾಲಲ್ಲಿ ಇಟ್ಟರೆ ಬಾನೆಟ್ಟು ಬಂಟ್ವಾಳಕ್ಕೆ ಮುಟ್ಟೀತು,” ಎಂದ ಹನೀಫಾ. “ಹಾಗಾಗಿ ಓರೆ ಮಾಡಿ ಎರಡು ಪಾಲು. ಓಟ ನಯ.”

“ನಯ ಯಾಕೆ?”

“ಒಂದರ ಪೆಟ್ಟು ಮುಗಿಯುವ ಮೊದಲೇ ಇನ್ನೊಂದರ ಪೆಟ್ಟು.”

ಭತ್ತ ಕುಟ್ಟಿದ ಕೈಗೆ ಅದು ತಿಳಿಯದ್ದಲ್ಲ. ಕುಟ್ಟುವವರು ಹೆಚ್ಚಾದಷ್ಟು ಒನಕೆಗಳ ನಡುವಿನ ಬಿಡುವು ಕಡಿಮೆ. ನಾಲ್ಕರ ಕಾರು ಸ್ವಲ್ಪ ಕುಲುಕುವುದೂ ಅದಕ್ಕೇ.

“ಆರರದ್ದು ಇಲ್ಲವಾ?”

“ಒಂದೇ ಸಾಲಿನ ಆರು ಬಹಳ ನಯ. ಆದರೆ ಉದ್ದ. ನನ್ನಲ್ಲಿ ಇಲ್ಲ.”

“ಸರಿ. ನಮ್ಮದು ಹಾಗೆ ಕುದಿಯುವುದು ಯಾಕೆ?”

ಹನೀಫಾ ತಲೆ ಕೆರೆದುಕೊಂಡ. “ಈ ಎಂಟರದ್ದೂ ಅದೇ ಜಾತಿ. ಉರಿದ ಹೊಗೆ ಹೊರಗೆ ಹೋಗುವ ದಾರಿ ಎಂಜಿನು ತಣಿಸುವ ನೀರಿನ ಮಧ್ಯದಿಂದಲೇ. ಎಂಜಿನು ಹಳತಾದ ಮೇಲೆ ಏರಿನಲ್ಲಿ ಕುದಿಯುತ್ತದೆ.”

“ಒಲೆಯ ಹೊಗೆಯನ್ನು ಹಂಡೆಯ ಒಳಗಿಂದ ಹಾಯಿಸಿದ ಹಾಗೆ! ನಾಲ್ಕರದ್ದರಲ್ಲಿ?”

“ಹೊಗೆ ಬದಿಯಿಂದ ನೇರ ಹೊರಗೆ. ಬೆಳ್ತಂಗಡಿಗೆ ಹೋಗಿ ಬಂದರೂ ಒಂದು ಚೆಂಬು ನೀರು ಸಾಕು. ಆದರೆ ಅಕ್ಕ, ಏರಿನಲ್ಲಿ ನಿಧಾನ. ಮದುವೆ ಬಾಡಿಗೆಯೂ ಸಿಗುವುದು ಕಷ್ಟ.”

ಅದು ಸುಳ್ಳಲ್ಲ. ಮದುವೆ ಬಾಡಿಗೆ ತಪ್ಪಿದರೆ ಮನೆಯಲ್ಲಿ ಬಿಗಿಯಾಗುತ್ತದೆ. ಕುಶಾಲಪ್ಪ ವರ್ಷಗಟ್ಟಲೆ ಚುಚ್ಚಿ ಮಾತಾಡುತ್ತಾನೆ. ಆದರೆ ಮದುವೆಗಳು ವರ್ಷದಲ್ಲಿ ಕೆಲವು ತಿಂಗಳು. ಬೆಳಗು ದಿನಾ ಆಗುತ್ತದೆ. ಮದುಮಗನ ಗತ್ತಿಗೆ ಹದಿಮೂರು ವರ್ಷ ತನ್ನ ಹೆಗಲು ನೋಯಿಸಿದ್ದು ಸಾಕು ಅನ್ನಿಸಿತು.

“ನಾಲ್ಕರದ್ದರ ಕಾಗದ ತೆಗೆ.”

ಹನೀಫಾ ಗಾಬರಿಯಾದ. “ಕುಶಾಲಪ್ಪಣ್ಣನಲ್ಲಿ ಒಂದು ಮಾತು ಕೇಳುವ ಅಕ್ಕ. ನಾಳೆ ಮಾಡುವ. ನನಗೆ ಬೈತಾರೆ.”

“ನಿನಗೆ ಯಾಕೆ ಬೈಯುವುದು? ಕಾಗದದಲ್ಲಿ ಹೆಸರು ಯಾರದ್ದುಂಟು?”

ಅವನು ಓದಿದ, ಪೆನ್ನಿನ ಮುಚ್ಚಳ ತೆಗೆದು ಕೊಟ್ಟ. ವಾರಿಜಾಕ್ಷಿ ಕೈಯನ್ನು ಸೆರಗಿಗೆ ಒರೆಸಿ, ಶಾಲೆಯಲ್ಲಿ ಕಲಿತ ದುಂಡಕ್ಷರದಲ್ಲಿ, ಅವಸರವಿಲ್ಲದೆ, ಪೂರ್ತಿ ಹೆಸರು ಬರೆದಳು.