ಕೈ ತಿರುಗುವ ದಿಕ್ಕು

ತಪ್ಪು ಹುಡುಕುವುದರಲ್ಲಿ ನಾನು ಎತ್ತಿದ ಕೈ. ಮನೆಯಲ್ಲಿ ಈ ಗುಣಕ್ಕೆ ಬೈಸಿಕೊಂಡೇ ಬೆಳೆದೆ. ತಂತ್ರಾಂಶದ ಹೊಸ ಸಾಧನವೊಂದರ ಪರೀಕ್ಷೆಗೆ ಜನ ಬೇಕೆಂದಾಗ ನಾನು ಕೆಲಸ ಮಾಡುವ ಸ್ಟುಡಿಯೋದ ಮುಖ್ಯಸ್ಥರು ಇದೇ ಗುಣಕ್ಕಾಗಿ ನನ್ನ ಹೆಸರು ಕೊಟ್ಟರು.

ನನ್ನ ಕೆಲಸ ಇಷ್ಟು. ಸಿನಿಮಾದ ನಟಿ ಯಾವುದೋ ಗೋಡೆಯ ಮುಂದೆ ನಿಂತಿರುತ್ತಾಳೆ, ಪರದೆಯಲ್ಲಿ ಮಾತ್ರ ಅವಳ ಹಿಂದೆ ಹಿಮದ ಬೆಟ್ಟ ಕಾಣಬೇಕು. ಹಾಗಾಗಬೇಕಾದರೆ ಮೊದಲು ಅವಳ ಸುತ್ತ ಗೆರೆ ಎಳೆದು ಅವಳನ್ನು ಗೋಡೆಯಿಂದ ಬಿಡಿಸಿಕೊಳ್ಳಬೇಕು. ಅವಳು ತಲೆ ಅಲ್ಲಾಡಿಸಿದರೆ ಗೆರೆಯೂ ಅಲ್ಲಾಡಬೇಕು, ಸೆಕೆಂಡಿಗೆ ಇಪ್ಪತ್ತನಾಲ್ಕರಂತೆ ಓಡುವ ಒಂದೊಂದು ಚಿತ್ರದಲ್ಲೂ. ಇದಕ್ಕೆ ನಾವು ಆಕಾರ ಬರೆಯುವುದು ಎನ್ನುತ್ತೇವೆ. ಹುಬ್ಬಳ್ಳಿಯ ಒಂದು ಸಣ್ಣ ಸ್ಟುಡಿಯೋಗಾಗಿ ಸವಣೂರಿನ ನಮ್ಮ ಮನೆಯ ಪಡಸಾಲೆಯಲ್ಲೇ ಕುಳಿತು ಎಂಟು ವರ್ಷದಿಂದ ಮಾಡುತ್ತಿದ್ದೇನೆ. ಪಕ್ಕದಲ್ಲಿ ಅವ್ವನ ಹೊಲಿಗೆ ಯಂತ್ರ. ಅದಕ್ಕೂ ಮೊದಲು ಅವ್ವ ಹೊಲಿಯುವ ಕುಪ್ಪಸಗಳಿಗೆ ಬಟ್ಟೆ ಕತ್ತರಿಸಿಕೊಡುತ್ತಿದ್ದವಳೂ ನಾನೇ.

ನಾವು ಬಳಸುವ ತಂತ್ರಾಂಶದಲ್ಲಿ ಮೊದಲು ಚುಕ್ಕೆ ಮೇಲೆ ಚುಕ್ಕೆ ಇಟ್ಟು ಆಕಾರ ಕಟ್ಟಬೇಕಿತ್ತು. ಹೊಸ ಸಾಧನದಲ್ಲಿ ಡಿಜಿಟಲ್ ಪೆನ್ನಿನಿಂದ ಒಂದೇ ಎಳೆತಕ್ಕೆ ಸುತ್ತಿದರೆ ಸಾಕು, ಚುಕ್ಕೆಗಳನ್ನು ಅದೇ ಇಟ್ಟುಕೊಳ್ಳುತ್ತದೆ, ಅಂಚನ್ನೂ ಹೊರಗಡೆಗೆ ಮಸುಕಾಗಿಸಿ ಮೆತ್ತಗೆ ಮಾಡುತ್ತದೆ. ನಮ್ಮ ಸ್ಟುಡಿಯೋದಿಂದ ಅದನ್ನು ನನಗೂ ಹಿರೇಕೆರೂರಿನ ಇನ್ನೊಬ್ಬ ಹೆಣ್ಣುಮಗಳಿಗೂ ಕೊಟ್ಟಿದ್ದರು. ಅವಳೂ ನನ್ನಂತೆ ಮನೆಯಿಂದಲೇ ಕೆಲಸ ಮಾಡುವವಳು. ಬಿಡುಗಡೆಯಾದ ಮೇಲೆ ಎಲ್ಲ ಕೆಲಸವೂ ಹೊಸದರಲ್ಲೇ ಎಂದು ಮೊದಲೇ ತಿಳಿಸಿದ್ದರು.

ಎಲೆತೋಟಕ್ಕೆ ಹೋಗಿ, ಗಾಳಿಗೆ ಆಡುತ್ತಿದ್ದ ಒಂದು ವೀಳ್ಯದೆಲೆಯನ್ನು ಫೋನಿನ ವಿಡಿಯೋದಲ್ಲಿ ಹಿಡಿದು ತಂದೆ. ಅದರ ಸುತ್ತ ಆಕಾರ ಬರೆದೆ. ಹತ್ತನೆಯ ಚಿತ್ರಕ್ಕೆ ಬರುವಷ್ಟರಲ್ಲಿ ಎಲೆಯ ತುದಿ ಮಾಯ. ಎಲೆ ಹಾಕಿಕೊಳ್ಳುವವರು ತುದಿ ಚಿವುಟಿ ಎಸೆಯುವುದನ್ನು ಈ ಸಾಧನ ಎಲ್ಲಿ ಕಲಿಯಿತಪ್ಪಾ ಎಂದು ನಕ್ಕೆ. ಆಮೇಲೆ ಅವ್ವನ ಕೈಯನ್ನು ಹಾಗೇ ವಿಡಿಯೋ ತೆಗೆದು ಬರೆದಾಗ ಉಗುರುಗಳೂ ಹೋದವು, ನಗು ನಿಂತಿತು. ಅಂಚು ಹೊರಗೆ ಮೆತ್ತಗಾಗುವ ಬದಲು ಒಳಗೆ ಸರಿದು ಆಕಾರವನ್ನೇ ತಿನ್ನುತ್ತಿತ್ತು.

ತಂತ್ರಾಂಶ ಮಾಡಿದವರಿಗೆ ಬರೆದೆ. ಯಂತ್ರವೇ ಬರೆದ ಸಾವಿರಾರು ಆಕಾರಗಳನ್ನು ಪರೀಕ್ಷಿಸಿದ್ದೇವೆ, ಒಂದರಲ್ಲೂ ಹೀಗಾಗಿಲ್ಲ ಎಂದು ಉತ್ತರ ಬಂತು. ಚಿತ್ರ ಸಮೇತ ಮತ್ತೆ ಬರೆದೆ. ನಿಮ್ಮ ಪೆನ್ನು ಹಳೆಯದಿರಬಹುದು ಎಂದರು. ಮೂರನೆಯ ಸಲ ಬರೆದಾಗ ಮುಖ್ಯಸ್ಥರೇ ಫೋನ್ ಮಾಡಿದರು.

"ನೋಡವಾ, ಉಳದವ್ರು ಯಾರೂ ಏನೂ ಅಂದಿಲ್ಲ. ಕುಣಿಲಾರದಾಕಿ ನೆಲ ಡೊಂಕು ಅಂದ್ಲಂತ."

"ನೆಲ ಖರೇನ ಡೊಂಕಿದ್ರ ಆಕಿ ಏನ್ ಅನ್ಬೇಕ್ರಿ?" ಎಂದೆ.

ಅವರು ನಕ್ಕರು. ನಕ್ಕು, "ಹೊಸಾದು ನಿನ್ನ ಕೈಗೆ ಕುಂದ್ರಲಿಲ್ಲಂದ್ರ ಹಗ್ಗ ಅಳಸೋ ಕೆಲಸ ಕೊಡ್ತೇನಿ, ಆರಾಮ ಇರ್ತೈತಿ," ಎಂದರು. ಹಾರುವ ನಾಯಕನನ್ನು ಮೇಲೆತ್ತಿದ ಹಗ್ಗಗಳನ್ನು ಚಿತ್ರದಿಂದ ಒರೆಸಿ ತೆಗೆಯುವ ಕೆಲಸ ಅದು. ಹೊಸಬರು ಕೈ ಪಳಗಿಸಿಕೊಳ್ಳುವುದೇ ಅದರಲ್ಲಿ. ಎಂಟು ವರ್ಷದ ಮೇಲೆ ನನ್ನನ್ನು ಅಲ್ಲಿಗೆ ಕಳಿಸುವವರಿದ್ದರು. ಫೋನ್ ಇಟ್ಟಾಗ ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚಾಗಿತ್ತು. ನಿಜಕ್ಕೂ ನನ್ನ ಕೈಯೇ ಕೆಟ್ಟಿದ್ದರೆ?

ಮರುದಿನ ಬಸ್ಸು ಹತ್ತಿ ಶಿಗ್ಗಾವಿಗೆ ಹೋದೆ. ನಾನು ಕೆಲಸ ಕಲಿತ ಕಂಪ್ಯೂಟರ್ ಕೇಂದ್ರ ಅಲ್ಲಿದೆ. ಅವರ ಯಂತ್ರ, ಅವರ ಪೆನ್ನು, ಸಾಧನ ಮಾತ್ರ ನಾನು ಒಯ್ದು ಹಾಕಿದ್ದು. ನನ್ನ ಎಲೆಯ ತುದಿ ಅಲ್ಲೂ ಹೋಯಿತು. ಅಲ್ಲಿ ಕಲಿಸುವ ಮೇಷ್ಟ್ರನ್ನು ಕರೆದು, ಅದೇ ಎಲೆ ಬರೀರಿ ಎಂದೆ. ಅವರು ಬರೆದರು. ಎಲೆ ತುದಿ ಸಮೇತ ಚೆಂದಾಗಿ ಬಂತು. ಅವರು ಪಾಪ ಚಹಾ ತರಿಸಿದರು. ಅರ್ಧ ಕುಡಿದು ಬಸ್ಸಿಗೆ ಹೊರಟೆ.

ಆದರೂ ಬಿಡುವ ಜಾತಿಯವಳಲ್ಲ ನಾನು. ಕೆಟ್ಟಿದ್ದರೆ ಎಲ್ಲಿ ಕೆಟ್ಟಿದೆ ಎಂದಾದರೂ ತಿಳಿಯಬೇಕಲ್ಲ. ಮಾರನೆಯ ಬೆಳಿಗ್ಗೆ ಅವ್ವನನ್ನು ಪಕ್ಕಕ್ಕೆ ಕೂರಿಸಿಕೊಂಡೆ.

"ನಾ ಬರೀತೇನಿ, ನೀ ನೋಡು. ಪರದೆ ನೋಡಬ್ಯಾಡ, ನನ್ನ ಕೈ ನೋಡು."

ಅವ್ವ ಮಡಿಲಲ್ಲಿ ಕುಪ್ಪಸದ ತೋಳು ಇಟ್ಟುಕೊಂಡು ಎರಡು ಸಲ ನೋಡಿದಳು. "ಏನೂ ತಪ್ಪಿಲ್ಲ. ಕತ್ತರಿ ಹಿಡದಂಗ ಹೊಂಟಿ," ಎಂದಳು.

"ಅಂದ್ರ?"

"ಬೇಕಾದ ತುಂಡು ಎಡಕ್ಕ ಇಟಗೊಂಡು ಸುತ್ತಾಕತ್ತಿ. ನಾನ ಕಲಿಸೇನಲ್ಲ? ತುಂಡು ಬಲಕ್ಕ ಬಂದ್ರ ಕತ್ತರಿ ಅಡ್ಡ ಬಂದು ಗೆರಿ ಕಾಣಂಗಿಲ್ಲ, ಬಟ್ಟಿ ಕೆಡ್ತೈತಿ."

ಶಿಗ್ಗಾವಿಯ ಮೇಷ್ಟ್ರ ಕೈ ಕಣ್ಣ ಮುಂದೆ ಬಂತು. ಅವರು ಗಡಿಯಾರದ ಮುಳ್ಳು ಹೋಗುವ ಕಡೆಗೆ ಸುತ್ತಿದ್ದರು. ನಾನು ಬಟ್ಟೆ ಕತ್ತರಿಸುವವಳು, ಅದಕ್ಕೆ ಎದುರಾಗಿ ಸುತ್ತುತ್ತೇನೆ. ಅವರಂತೆಯೇ ಸುತ್ತಿ ನೋಡಿದೆ: ತುದಿ ಉಳಿಯಿತು. ನನ್ನಂತೆ ಸುತ್ತಿದೆ: ಹೋಯಿತು. ಇಪ್ಪತ್ತು ಸಲ ಹಾಗೆ, ಇಪ್ಪತ್ತು ಸಲ ಹೀಗೆ ಮಾಡಿದೆ. ಒಂದು ಸಲವೂ ಲೆಕ್ಕ ತಪ್ಪಲಿಲ್ಲ. ಎಲ್ಲರೂ ಗಡಿಯಾರದಂತೆಯೇ ಸುತ್ತುತ್ತಾರೆಂದು ನಂಬಿ, ಆಕಾರದ ಒಳಗು ಯಾವುದು ಹೊರಗು ಯಾವುದು ಎಂದು ಸಾಧನ ತೀರ್ಮಾನಿಸುತ್ತಿತ್ತು. ಪರೀಕ್ಷೆಯ ಯಂತ್ರಕ್ಕೂ ಆ ಒಂದೇ ದಿಕ್ಕು ಗೊತ್ತಿದ್ದಿರಬೇಕು.

ಮುಖ್ಯಸ್ಥರಿಗೆ ಹೇಳಿದೆ. "ಹಂಗಾರ ಮುಗೀತಲ್ಲ, ನೀನೂ ಗಡಿಯಾರದಂಗ ಸುತ್ತು," ಎಂದರು.

ಸುಳ್ಳು ಯಾಕೆ, ಅರ್ಧ ದಿನ ಪ್ರಯತ್ನಿಸಿದೆ. ಕಿವಿಯ ಹತ್ತಿರ ಗೆರೆ ನಡುಗಿತು, ಕೂದಲಿನ ಹತ್ತಿರ ಹಾದಿ ತಪ್ಪಿತು. ಅಭ್ಯಾಸವಾದರೆ ಬರುತ್ತಿತ್ತೇನೋ. ಆದರೆ ಯಾರೋ ಒಂದು ದಿಕ್ಕು ಮರೆತದ್ದಕ್ಕೆ ನಾನು ನನ್ನ ಕೈಯನ್ನು ತಿರುಗಿಸಿಕೊಳ್ಳಬೇಕೆಂಬ ಮಾತೇ ನನಗೆ ಒಪ್ಪಲಿಲ್ಲ. ನಾಲ್ಕನೆಯ ಸಲ ಬರೆದೆ. ಕೈ ಮತ್ತು ಪರದೆ ಎರಡೂ ಕಾಣುವ ಹಾಗೆ ಎರಡು ವಿಡಿಯೋ ಇಟ್ಟು, ಕೆಳಗೆ ಒಂದೇ ಸಾಲು: ನಿಮ್ಮ ಯಂತ್ರಕ್ಕೂ ಎರಡೂ ಕಡೆ ಸುತ್ತಲು ಕಲಿಸಿ.

ಎರಡು ದಿನಕ್ಕೆ ಉತ್ತರ ಬಂತು. ತಪ್ಪು ನಮ್ಮದೇ, ಕ್ಷಮಿಸಿ, ಸರಿಪಡಿಸಿಯೇ ಬಿಡುಗಡೆ ಮಾಡುತ್ತೇವೆ ಎಂದಿದ್ದರು. ನಾನು ಅದನ್ನು ಓದಿ ಹೇಳುತ್ತಿದ್ದರೆ ಅವ್ವ ಸೂಜಿಗೆ ದಾರ ಪೋಣಿಸುತ್ತ, "ಅಷ್ಟಕ್ಕ ಇಷ್ಟು ದಿನಾ?" ಎಂದಳು.

ಆ ಉತ್ತರವನ್ನೂ ನನ್ನ ಎರಡು ವಿಡಿಯೋಗಳನ್ನೂ ಸ್ಟುಡಿಯೋದ ವಾಟ್ಸಾಪ್ ಗುಂಪಿಗೆ ಹಾಕಿದೆ, ಸ್ವಲ್ಪ ಮೆರೆಯಲಿಕ್ಕೇ ಹಾಕಿದೆ. ಹತ್ತು ನಿಮಿಷದಲ್ಲಿ ಹಿರೇಕೆರೂರಿನವಳ ಫೋನ್ ಬಂತು.

"ಅಕ್ಕಾ, ನಾನೂ ನಿನ್ನಂಗ ಸುತ್ತಾಕಿ, ನನಗೂ ಹಂಗ ಆಗ್ತಿತ್ತು. ನನ್ನ ಕೈ ಸುದ್ದ ಇಲ್ಲ ಅಂತ ತಿಳ್ಕೊಂಡು ಸುಮ್ನಿದ್ದೆ. ಹೋದ ವಾರ ನಾನ ಸರ್‌ಗೆ ಕೇಳಿ ಹಗ್ಗ ಅಳಸೋ ಕೆಲಸ ತಗೊಂಡೇನಿ."

ನನಗೆ ಮೈಯೆಲ್ಲ ಉರಿದು ಹೋಯಿತು. ಒಂದು ಮಾತು ಹೇಳಿದ್ದರೆ ಇಬ್ಬರಾಗುತ್ತಿದ್ದೆವಲ್ಲೇ ಎಂದು ಬೈಯಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ಇಷ್ಟು ದಿನ ಊರೂರು ಅಲೆದು ಪರೀಕ್ಷೆ ಮಾಡಿದ ನಾನು, ನಿನಗೆ ಹೇಗಿದೆ ಎಂದು ಅವಳನ್ನೊಂದು ಸಲ ಕೇಳಿರಲಿಲ್ಲ. ನಾಚಿಕೆಯಾಯಿತು.

ಕೂಡಲೇ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವಳಿಗೆ ಆಕಾರದ ಕೆಲಸ ವಾಪಸು ಕೊಡಬೇಕು ಎಂದೆ. ನೋಡೋಣ ಎಂದರು. "ನೋಡೋಣ ಬ್ಯಾಡ್ರಿ, ಇವತ್ತ ಕೊಡ್ರಿ," ಎಂದೆ. ಕೊಟ್ಟರು. ಅವಳು ಮಾಡಿದ್ದನ್ನು ನೀನೇ ನೋಡಿ ಕಳಿಸು ಎಂದು ನನ್ನ ಕೊರಳಿಗೂ ಕಟ್ಟಿದರು.

ಸರಿಪಡಿಸಿದ ಸಾಧನ ಕೈಗೆ ಬಂದ ದಿನ ಅವಳ ಮೊದಲ ಆಕಾರ ಬಂತು. ತೆರೆದು ನೋಡಿದೆ. ಎಳೆದ ಕ್ರಮದಲ್ಲಿ ಸಾಧನ ಇಟ್ಟ ಚುಕ್ಕೆಗಳ ಅಂಕಿಗಳು ಒಂದು, ಎರಡು, ಮೂರು ಎಂದು ಗಡಿಯಾರದಂತೆ ಸುತ್ತಿದ್ದವು. ಕಿವಿಯ ಹತ್ತಿರ ಗೆರೆ ನಡುಗಿತ್ತು. ನನ್ನ ಆ ಅರ್ಧ ದಿನದ ಗೆರೆಯ ಹಾಗೆಯೇ ಇತ್ತು. ವಾಪಸು ಕಳಿಸಿ ಫೋನ್ ಮಾಡಿದೆ.

"ಈಗ ಸಾಧನ ಸರಿ ಆಗೈತಿ. ನಿನ್ನ ಕೈ ಹೆಂಗ ಹೋಗ್ತೈತಿ ಹಂಗ ಬರದು ಕಳಸು."

"ಕೈಯಾಗ ಹೆದರಿಕಿ ಕುಂತೈತಕ್ಕ," ಎಂದಳು.

"ಕುಂತಿರ್ಲಿ," ಎಂದೆ. "ನೀ ಬರಿ."